ಹಿಂದಿನ ಸೀಟಿನ ಸಿಳ್ಳೆ

2004, ಅಕ್ಟೋಬರ್ 4, ಸೋಮವಾರ

ಹಳೆಯ ನೋಟ್‌ಪುಸ್ತಕದಲ್ಲಿ ಇನ್ನೂ ಹನ್ನೆರಡು ಹಾಳೆ ಉಳಿದಿದ್ದವು. ಆದರೂ ಹೊಸ ಕೆಲಸಕ್ಕೆ ಹೊಸ ಪುಸ್ತಕ ಇರಲಿ ಎಂದು ಕೊಂಡುತಂದೆ. ಇದು ಜಂಬವೇ? ಇರಬಹುದು.

ಇಂದು ಮುಖ್ಯ ಇಂಜಿನಿಯರ್ ಸುಗಿಯುರಾ ನಮ್ಮನ್ನೆಲ್ಲ ದೊಡ್ಡ ಕೋಣೆಗೆ ಕರೆದರು. ನಮ್ಮ ಸಣ್ಣ ಐಷಾರಾಮಿ ಸೆಡಾನಿನ ಮೂರನೆಯ ತಲೆಮಾರು ಇದು. ಎರಡನೆಯದನ್ನು ಮಾರುಕಟ್ಟೆಯಲ್ಲಿ 'ದೊಡ್ಡ ಕಾರಿನ ಬಡ ತಂಗಿ' ಎನ್ನುತ್ತಿದ್ದರು. ಮುಂದಿನ ಮಾರ್ಚ್ ಹತ್ತಕ್ಕೆ ನಿರ್ದೇಶಕರು ಬಂದು ಕೂತು ನೋಡುತ್ತಾರೆ. ಒಪ್ಪಿದರೆ ಕಾರು ಹೊರಡುತ್ತದೆ. ಒಪ್ಪದಿದ್ದರೆ ಈ ಕಾರಿನ ವಂಶವೇ ಅಲ್ಲಿಗೆ ಮುಗಿಯಿತು, ಕಾರ್ಖಾನೆಯಲ್ಲಿ ಕಾರು ಜೋಡಿಸುವ ನಮ್ಮ ಸಾಲನ್ನು ಎತ್ತರದ ಗಾಡಿಗಳಿಗೆ ಕೊಡುತ್ತಾರೆ. ಸುಗಿಯುರಾ ಇದನ್ನು ಹವಾಮಾನ ವರದಿ ಓದುವವರಂತೆ ಹೇಳಿದರು.

ಕೋಣೆಯ ಗೋಡೆಯ ತುಂಬ ಒಂದೊಂದು ವಿಭಾಗಕ್ಕೂ ಒಂದೊಂದು ಹಾಳೆ. ಹಾಳೆಯ ಮೂಲೆಯಲ್ಲಿ ಗುಂಡನೆಯ ಆಯಸ್ಕಾಂತದ ಬಿಲ್ಲೆ. ಹಸಿರು ಎಂದರೆ ಕ್ಷೇಮ, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಎಲ್ಲರೂ ನಿಲ್ಲಿ ಎಂದು. ಇಂದು ಗೋಡೆಯೆಲ್ಲ ಹಸಿರು. ನನ್ನ ಹಾಳೆಯ ಮೇಲೆ ಸುಗಿಯುರಾ ಕುಂಚದಲ್ಲಿ ಒಂದೇ ವಾಕ್ಯ ಬರೆದಿದ್ದಾರೆ: "ಹಿಂದೆ ಕೂತವರು ಪಿಸುಗುಟ್ಟಿದರೆ ಮುಂದೆ ಕೂತವರಿಗೆ ಕೇಳಬೇಕು." ಅದರ ಕೆಳಗೆ ನನ್ನ ಹೆಸರು, ಇಸೊಗಾಯಿ ಕಜುಎ, ನಿಶ್ಶಬ್ದತೆಯ ಹೊಣೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರ ಎಡಗಿವಿ ಮಂದವಾಗಿದೆ. ಮೂರು ಸಲ ಹೇಳಿದ ಮೇಲೂ ಚಾಪ್‌ಸ್ಟಿಕ್ ಕೆಳಗಿಟ್ಟು ನನ್ನ ಬಾಯನ್ನೇ ನೋಡಿದರು.

"ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡ್ತೀಯಲ್ಲೇ. ಸದ್ದು ಕಡಿಮೆ ಮಾಡೋ ಕೆಲಸ ಕಾರ್ಖಾನೇಲಿ ಮಾಡು, ಮನೇಲಿ ಬೇಡ."

ನನ್ನ ಗಂಡ ಎರಡು ವರ್ಷದಿಂದ ಕ್ಯೂಶೂ ಶಾಖೆಯಲ್ಲಿ ಒಬ್ಬರೇ ಇದ್ದಾರೆ. ಅವರಿದ್ದಿದ್ದರೆ ನಡುವೆ ನಿಂತು ಜೋರಾಗಿ ಹೇಳುತ್ತಿದ್ದರು. ಅತ್ತೆಯನ್ನು ಕಿವಿಯ ಡಾಕ್ಟರ ಬಳಿ ಕರೆದೊಯ್ಯಬೇಕು.

ಅಕ್ಟೋಬರ್ 13, ಬುಧವಾರ

ಬಲಗಡೆಯ ಹಿಂಬಾಗಿಲು ಮುಚ್ಚಲು ಗಡಸು. ಉಳಿದ ಮೂರು ಬಾಗಿಲು ಬೆರಳಲ್ಲಿ ತಳ್ಳಿದರೆ ಸಾಕು, ಇದಕ್ಕೆ ಭುಜ ಬೇಕು. ನಿಯಮದಂತೆ ಬಾಗಿಲು ವಿಭಾಗಕ್ಕೆ ಕಾಗದ ಬರೆಯಬೇಕಿತ್ತು. ಅವರು ಮೂರು ಭಾನುವಾರಗಳಿಂದ ರಜೆ ಕಂಡಿಲ್ಲ. ಆ ವಿಭಾಗದ ಒಬ್ಬರು ಉಸಿರಾಡಲೂ ಪುರುಸೊತ್ತಿಲ್ಲದವರಂತೆ ನೂಡಲ್ಸ್ ಹೀರುತ್ತಿದ್ದುದನ್ನು ಊಟದ ಕೋಣೆಯಲ್ಲಿ ನೋಡಿದೆ. ಇನ್ನೊಂದು ಕಾಗದ ಅವರ ತಲೆಗೆ ಕಟ್ಟಲು ಮನಸ್ಸಾಗಲಿಲ್ಲ.

ಬಾಗಿಲ ರಬ್ಬರ್ ಮಾಡಿಕೊಡುವ ಕಾರ್ಖಾನೆಯ ಮಕಿನೊಗೆ ಫೋನ್ ಮಾಡಿದೆ. ರಬ್ಬರ್ ಒಳಗೆ ಟೊಳ್ಳು, ಕೊಳವೆಯ ಹಾಗೆ. ಬಾಗಿಲು ಮುಚ್ಚಿದಾಗ ಅದರೊಳಗಿನ ಗಾಳಿ ಹೊರಹೋಗಲು ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ. ಮೇಲಿನ ಮೂಲೆಯಲ್ಲಿ ಒಂದು ತೂತು ಜಾಸ್ತಿ ಕೊರೆದುಕೊಡಿ ಎಂದೆ. ಮಕಿನೊ ಕಾಗದ ಬೇಕೇ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆಯೊಳಗೆ ಹೊಸ ರಬ್ಬರ್ ಬಂತು. ಬಾಗಿಲು ಈಗ ಒಳ್ಳೆಯ ಮರದ ಬೀರುವಿನ ಖಾನೆಯ ಹಾಗೆ ಮೆತ್ತಗೆ ಒಳಸೇರುತ್ತದೆ. ಬಾಗಿಲು ವಿಭಾಗದವರಿಗೆ ಗೊತ್ತೂ ಆಗಲಿಲ್ಲ. ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತು.

ನವೆಂಬರ್ 2, ಮಂಗಳವಾರ

ಜರ್ಮನಿಯಲ್ಲಿ ನಮ್ಮ ಕಾರನ್ನು ಓಡಿಸಿ ನೋಡುತ್ತಿರುವವರಿಂದ ಇಂಗ್ಲಿಷಿನಲ್ಲಿ ಪತ್ರ. ನಾನು ನಗೋಯಾದ ಮಿಷನರಿ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಓದಿದವಳು. ಅದಕ್ಕೇ ಇಂಥ ಪತ್ರಗಳೆಲ್ಲ ನನ್ನ ಮೇಜಿಗೆ ಬಂದು ಬೀಳುತ್ತವೆ. ಆ ಮನುಷ್ಯ ಬರೆದಿರುವುದು ಇಷ್ಟು: ಗಂಟೆಗೆ ನೂರಮೂವತ್ತು ಕಿಲೋಮೀಟರ್ ದಾಟಿದರೆ ಬಲ ಹಿಂಬದಿ ಸಿಳ್ಳೆ ಹೊಡೆಯುತ್ತದೆ. ಇದನ್ನು ನಾನು ಕೊಳ್ಳುವುದಿಲ್ಲ. ಯಾರೂ ಕೊಳ್ಳುವುದಿಲ್ಲ.

ನಾನು ಅನುವಾದಿಸಿದ್ದು: "ಬಲ ಹಿಂಬದಿಯ ಗಾಳಿಯ ಧ್ವನಿಯ ಬಗ್ಗೆ ಒಂದು ಅಭಿಪ್ರಾಯ ಬಂದಿದೆ. ಪರಿಶೀಲಿಸುವ ಅವಕಾಶವಿದೆ."

ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಎರಡು ಸಲ ಓದಿದೆ. ಸಿಗಲಿಲ್ಲ. ಕೆಳಗೆ ನನ್ನ ಮೊಹರು ಒತ್ತಿದೆ, ಪಕ್ಕದ ಸುಗಿಯುರಾ ಅವರ ಮೊಹರಿಗೆ ತಲೆಬಾಗಿದ ಹಾಗೆ ಸ್ವಲ್ಪ ಎಡಕ್ಕೆ ವಾಲಿಸಿ. ಕೆಲಸಕ್ಕೆ ಸೇರಿದ ವಾರ ಕಲಿತ ಪದ್ಧತಿ. ಇಪ್ಪತ್ತು ವರ್ಷದಿಂದ ಕೈ ತಾನಾಗಿ ವಾಲುತ್ತದೆ.

ನವೆಂಬರ್ 12, ಶುಕ್ರವಾರ

ಪರೀಕ್ಷಾ ಪಥದಲ್ಲಿ ಒಬಾತಾ ಜತೆ. ಇಪ್ಪತ್ತೈದು ವರ್ಷದಿಂದ ಹೊಸ ಕಾರುಗಳನ್ನು ಓಡಿಸಿ ನೋಡುವುದೇ ಅವರ ಕೆಲಸ. ಯಾರನ್ನೂ ಬಿಡದ ನಾಲಿಗೆ. ನಾನು ಹಿಂದೆ ಬಲಗಡೆ ಕೂತೆ. ನೂರಮೂವತ್ತೆರಡಕ್ಕೆ ಶುರುವಾಯಿತು. ದೂರದಲ್ಲಿ ಯಾರೋ ನಾಯಿಯನ್ನು ಕರೆಯುತ್ತಿರುವಂಥ ತೆಳ್ಳನೆಯ ಸದ್ದು.

"ಇಸೊಗಾಯಿ-ಸಾನ್, ಹಿಂದೆ ಟೀಗೆ ನೀರಿಟ್ಟಿದ್ದೀರಾ? ಕುದ್ದುಹೋಯ್ತು ನೋಡಿ."

ಕ್ಷಮಿಸಿ ಎಂದೆ.

"ನನ್ನನ್ನ ಯಾಕೆ ಕೇಳ್ತೀರಿ ಕ್ಷಮೆ? ಕಾರನ್ನ ಕೇಳಿ."

ನನ್ನ ಬಿಲ್ಲೆಯನ್ನು ಹಳದಿಗೆ ಬದಲಿಸಬೇಕು. ಆದರೆ ನಾನು ಹಳದಿ ಇಟ್ಟರೆ ಪಕ್ಕದ ಬಾಗಿಲು ವಿಭಾಗವೂ ಇಡಬೇಕಾಗುತ್ತದೆ, ಅವರಿಗೆ ಇನ್ನೊಂದು ಭಾನುವಾರ ಹೋಗುತ್ತದೆ. ಒಂದು ವಾರ ಕಾಯುತ್ತೇನೆ.

ನವೆಂಬರ್ 25, ಗುರುವಾರ

ಕಾರಿನ ಸಂದುಗಳಿಗೆಲ್ಲ ಟೇಪು ಅಂಟಿಸಿದೆವು, ಒಟ್ಟು ಅರವತ್ತೊಂದು ಪಟ್ಟಿ. ಓಡಿಸುವುದು, ಒಂದು ಪಟ್ಟಿ ಕೀಳುವುದು, ಮತ್ತೆ ಓಡಿಸುವುದು. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದ ಕಾರು ಎಂದರು ಒಬಾತಾ. ನಲವತ್ತೇಳನೆಯ ಪಟ್ಟಿ ಕಿತ್ತಾಗ ಸಿಳ್ಳೆ ಮರಳಿತು. ಬಲ ಹಿಂಬಾಗಿಲಿನ ಮೇಲ್ಮೂಲೆ, ಅಂಗೈಯಷ್ಟು ಜಾಗ. ಕಳ್ಳನ ಮನೆ ಸಿಕ್ಕಿತು. ಎರಡು ದಿನದ ಚಳಿ ಮರೆತುಹೋಯಿತು.

ನವೆಂಬರ್ 26, ಶುಕ್ರವಾರ

ಬಾಗಿಲನ್ನು ಅಳೆದೆ. ನಕ್ಷೆಯಲ್ಲಿರುವಂತೆಯೇ ಇದೆ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ರಬ್ಬರಿನ ಅಳತೆಯನ್ನು ಮಕಿನೊ ಕೊಟ್ಟ ಹಾಳೆಯಿಂದಲೇ ತೆಗೆದುಕೊಂಡೆ. ಅವರು ಬರೆದುಕೊಟ್ಟದ್ದನ್ನು ಮತ್ತೆ ಅಳೆದರೆ ಅವಮಾನ ಮಾಡಿದ ಹಾಗೆ.

ಎಲ್ಲವೂ ಸರಿಯಿದೆ. ಆದರೂ ಸಿಳ್ಳೆ.

ಡಿಸೆಂಬರ್ 9, ಗುರುವಾರ

ಮೆದು ರಬ್ಬರ್, ಗಡಸು ರಬ್ಬರ್, ನಡುವಿನದು, ಎಲ್ಲ ಆಯಿತು. ಸಿಳ್ಳೆ ಸ್ವರ ಬದಲಿಸುತ್ತದೆಯೇ ಹೊರತು ಬಾಯಿ ಮುಚ್ಚುತ್ತಿಲ್ಲ. ಸುಗಿಯುರಾ ಹೇಗಿದೆ ಎಂದು ಕೇಳಿದರು. ಪ್ರಯತ್ನ ನಡೆದಿದೆ ಎಂದೆ. ಅವರು ತಲೆಯಾಡಿಸಿದರು. ನನ್ನ ಮಾತನ್ನು ಅವರು ನಂಬಿದರೇ, ಅಥವಾ ನಂಬದಿರುವುದನ್ನು ತೋರಿಸಲಿಲ್ಲವೇ?

ಎತ್ತರದ ಗಾಡಿಯವರು ನಿನ್ನೆ ಬಂದು ನಮ್ಮ ಸಾಲಿನ ಉದ್ದಗಲ ಅಳೆದುಕೊಂಡು ಹೋದರಂತೆ.

ಡಿಸೆಂಬರ್ 17, ಶುಕ್ರವಾರ

ಮುಗಿಯುತ್ತಿರುವ ವರ್ಷವನ್ನು ಮರೆಯಲೆಂದು ಕೂಡಿ ಕುಡಿಯುವ ಕೂಟ. ನರುಸೆ ಪಕ್ಕದಲ್ಲಿ ಕೂತಿದ್ದೆ. ತಗಡು ಅಚ್ಚೊತ್ತುವ ಡೈಗಳನ್ನು ಕೈಯಲ್ಲಿ ತಿದ್ದುವ ಹಿರಿಯರು ಅವರು. ಬಿಳಿ ಕೈಗವಸು ತೊಟ್ಟು ಅಂಗೈ ಸವರಿದರೆ ಯಂತ್ರ ಕಾಣದ ತಗ್ಗು ಅವರಿಗೆ ಸಿಗುತ್ತದೆ. ಮಾರ್ಚ್ ಕೊನೆಗೆ ನಿವೃತ್ತಿ. ನಾನು ಅವರ ಲೋಟಕ್ಕೆ ಬಿಯರ್ ಸುರಿದೆ, ಅವರು ನನ್ನದಕ್ಕೆ ಸುರಿದರು. ಮೂರನೆಯ ಸಲಕ್ಕೆ ಅವರ ಮುಖ ಕೆಂಪಾಗಿತ್ತು.

"ನಿಮ್ಮ ಆ ಬಲಬಾಗಿಲು ನನ್ನನ್ನ ಬಹಳ ಸತಾಯಿಸಿತು ಕಣಮ್ಮ."

ಹೇಗೆ ಎಂದು ಕೇಳಿದೆ.

"ಮೇಲ್ಮೂಲೆ ಒಂದು ಮಿಲಿಮೀಟರ್ ಹೊರಗೆ ನಿಂತಿತ್ತು. ಹೇಳಿದ್ರೆ ಡೈ ನಕ್ಷೆ ಮಾಡಿದವರ ಹೆಸರು ಕೆಡೋದು. ಪಾಪ, ಅವರು ಮನೆ ಊಟ ಕಂಡು ಯಾವ ಕಾಲವಾಗಿತ್ತೋ. ಸೆಪ್ಟೆಂಬರ್‌ನಲ್ಲಿ ನಾನೇ ಕೈಯಲ್ಲಿ ಒಳಕ್ಕೆ ತಿದ್ದಿಬಿಟ್ಟೆ. ಯಾರ ಹತ್ರಾನೂ ಹೇಳ್ಬೇಡಿ."

ಮತ್ತೊಂದು ಲೋಟ ಸುರಿದೆ. ನನ್ನ ತಟ್ಟೆಯಲ್ಲಿ ಏನಿತ್ತು ಎಂಬುದು ಈಗ ನೆನಪಿಲ್ಲ. ನರುಸೆ ಬಾಗಿಲನ್ನು ಸರಿಮಾಡಿದ್ದರೆ ಅದು ಸರಿಯಾಗಿದೆ. ಹಾಗಾದರೆ ಸರಿಯಿಲ್ಲದ ಆ ಹಳೆಯ ಬಾಗಿಲನ್ನು ಅವರಿಗಿಂತ ಮೊದಲು ಯಾರು ನೋಡಿ, ತಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿದ್ದರು?

ಡಿಸೆಂಬರ್ 20, ಸೋಮವಾರ

ಸೀಗಡಿ ಹಪ್ಪಳದ ಡಬ್ಬಿ ಹಿಡಿದು ಮಕಿನೊ ಅವರ ಕಾರ್ಖಾನೆಗೆ ಹೋದೆ. ಚಳಿಯ ಬಗ್ಗೆ, ಅವರ ಮಗಳ ಪರೀಕ್ಷೆಯ ಬಗ್ಗೆ ಒಂದು ಗಂಟೆ ಮಾತಾಡಿದೆವು. ಆಮೇಲೆ ನಾನು ಅಳತೆಗೋಲನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅದನ್ನು ನೋಡಿ ಮಕಿನೊ ತಾವಾಗಿಯೇ ಹೇಳತೊಡಗಿದರು.

ಆಗಸ್ಟ್‌ನಲ್ಲಿ ಅವರ ಕೈಗೆ ಮೊದಲ ಬಾಗಿಲು ಬಂದಾಗ ಮೂಲೆ ಒಂದು ಮಿಲಿಮೀಟರ್ ಹೊರಗಿತ್ತಂತೆ. ದೂರು ಕೊಟ್ಟರೆ ಅದು ನರುಸೆ ಅವರ ಮೇಜಿಗೆ ಹೋಗುತ್ತದೆ. ಮಕಿನೊಗೆ ತಗಡು ಓದುವುದನ್ನು ಕಲಿಸಿದವರೇ ನರುಸೆ. ನಿವೃತ್ತಿಯ ವರ್ಷ ಗುರುವಿನ ಹೆಸರಿಗೆ ಮಸಿ ಏಕೆ ಎಂದು ಅವರು ಆ ಮೂಲೆಯಲ್ಲಿ ರಬ್ಬರನ್ನೇ ಒಂದು ಮಿಲಿಮೀಟರ್ ದಪ್ಪ ಮಾಡಿದರು. ಹಾಳೆಯಲ್ಲಿ ಹಳೆಯ ಅಳತೆಯನ್ನೇ ಉಳಿಸಿದರು.

ಹೀಗೆ ಬಾಗಿಲು ಒಳಗೆ ಬಂತು, ರಬ್ಬರ್ ಹೊರಗೆ ಬಂತು. ಬಾಗಿಲು ಗಡಸಾದದ್ದು ಅದಕ್ಕೇ. ಬಾಗಿಲಿನ ಸಂದಿನಲ್ಲಿ ಅದುಮಿಹೋದ ರಬ್ಬರನ್ನು ಮಕಿನೊ ಬ್ಲೇಡಿನಲ್ಲಿ ಸೀಳಿ ತೋರಿಸಿದರು. ಜಾಗ ಸಾಲದೆ ಅದು ಅವರೆಕಾಯಿ ಸಿಪ್ಪೆಯ ಹಾಗೆ ಮಡಿಸಿಕೊಂಡಿತ್ತು. ಮಡಿಕೆಯ ತುದಿಯಲ್ಲಿ, ಗಾಳಿ ಬಂದು ಬಡಿಯುವ ಕಡೆಗೇ ಬಾಯಿ ತೆರೆದು ನನ್ನ ತೂತು.

ಇದನ್ನು ಕೊರೆಸಿದ್ದು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು. ಒಬ್ಬರಿಗೊಬ್ಬರು ಉಪಕಾರ ಮಾಡುತ್ತ ಮೂವರು ಸೇರಿ ಒಂದು ಕೊಳಲು ಮಾಡಿದ್ದೇವೆ.

"ಸದ್ದಿಲ್ಲದೆ ಸರಿ ಮಾಡ್ಬಿಡೋಣ," ಎಂದರು. "ನಾನು ಒಂದು ಮಿಲಿಮೀಟರ್ ತೆಗೀತೀನಿ, ನಿಮ್ಮ ತೂತು ಮುಚ್ತೀನಿ. ನರುಸೆ-ಸಾನ್‌ಗೂ ಗೊತ್ತಾಗೋದು ಬೇಡ."

ಅದು ಸುಲಭ, ಸಭ್ಯ. ಯೋಚಿಸುತ್ತೇನೆ ಎಂದು ಬಂದೆ.

ಡಿಸೆಂಬರ್ 22, ಬುಧವಾರ

ನನ್ನ ಉತ್ತರಕ್ಕೆ ಕಾಯದೆ ಮಕಿನೊ ನಿನ್ನೆ ತೆಳು ರಬ್ಬರ್ ಕಳಿಸಿದರು. ಇಂದು ಬೆಳಿಗ್ಗೆ ಹಾಕಿ ಓಡಿಸಿದರೆ ಸಿಳ್ಳೆಯಲ್ಲ, ಊಳಿಡುವ ಸದ್ದು. ಬಾಗಿಲು ಅಳೆದೆ. ಮೂಲೆ ಒಂದು ಮಿಲಿಮೀಟರ್ ಹೊರಗೆ ನಿಂತಿದೆ.

ನರುಸೆ ಬಳಿಗೆ ಓಡಿದೆ. ಅವರು ಕೈಗವಸು ಬಿಚ್ಚುತ್ತ ನಾಚಿಕೊಂಡರು. ಕೂಟದಲ್ಲಿ ನಿಮ್ಮ ಮುಖ ಬಾಡಿದ್ದು ನೋಡಿದೆ, ನನ್ನ ತಿದ್ದುವಿಕೆಯಿಂದಲೇ ನಿಮಗೆ ತೊಂದರೆಯಾಗಿದೆ ಅನ್ನಿಸಿತು, ಅದಕ್ಕೇ ಮೊನ್ನೆ ಮತ್ತೆ ಹೊರಕ್ಕೆ ತಿದ್ದಿಟ್ಟೆ ಎಂದರು. ನನಗೆ ಗೊತ್ತಾಗದ ಹಾಗೆ.

ಅಲ್ಲೇ ನಿಂತು ನಗು ಬಂತು. ಅವರ ಮುಂದೆ ನಗಬಾರದಿತ್ತು. ಸ್ವಲ್ಪ ಹೊತ್ತಿಗೆ ಅವರೂ ನಕ್ಕರು, ಯಾಕೆಂದು ತಿಳಿಯದೆಯೇ.

ಡಿಸೆಂಬರ್ 24, ಶುಕ್ರವಾರ

ಆದದ್ದನ್ನು ಆದಂತೆಯೇ ಬರೆಯಲು ಪ್ರಯತ್ನಿಸುತ್ತೇನೆ.

ದೊಡ್ಡ ಕೋಣೆಯಲ್ಲಿ ವರ್ಷದ ಕೊನೆಯ ಸಭೆ. ಅರವತ್ತು ಜನ. ಒಂದೊಂದು ವಿಭಾಗವೂ ಎದ್ದು, ಕ್ಷೇಮ ಎಂದು ಹೇಳಿ ಕೂತಿತು. ನನ್ನ ಸರದಿ ಬಂದಾಗ ಗೋಡೆಯವರೆಗೂ ನಡೆದು ಹೋಗಿ ಹಸಿರು ಬಿಲ್ಲೆ ಕಿತ್ತೆ. ಕೆಂಪು ಬಿಲ್ಲೆಗಳ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ, ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ಹರಿದೆ. ಕೆಂಪು ಬಿಲ್ಲೆ ಗೋಡೆಗೆ ಹತ್ತಿದಾಗ ಟಕ್ ಎಂದಿತು.

ಮೊದಲು ಜರ್ಮನಿಯ ಪತ್ರವನ್ನು ಅದರಲ್ಲಿದ್ದಂತೆಯೇ ಓದಿದೆ. ಯಾರೂ ಕೊಳ್ಳುವುದಿಲ್ಲ ಎಂಬ ಸಾಲನ್ನೂ ಬಿಡಲಿಲ್ಲ. ಅದನ್ನು ನಾನು ಮೆತ್ತಗೆ ಮಾಡಿ ಕೊಟ್ಟಿದ್ದೆ ಎಂದೆ. ಆಮೇಲೆ ತೂತಿನ ವಿಷಯ ಹೇಳಿದೆ. ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ.

"ಬಾಗಿಲು ವಿಭಾಗದವರಿಗೆ ಕಷ್ಟ ಆಗಬಾರದು ಅಂತ ಮಾಡಿದೆ. ಒಳ್ಳೇದು ಮಾಡಿದೆ ಅಂತ ಖುಷಿಯಲ್ಲೂ ಇದ್ದೆ. ಆ ಖುಷಿಯೇ ಈಗ ಸಿಳ್ಳೆ ಹೊಡೀತಿದೆ. ಇಂಥ ಉಪಕಾರ ನಾನೊಬ್ಬಳೇ ಮಾಡಿಲ್ಲ ಅನ್ಸುತ್ತೆ."

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ನರುಸೆ ಎದ್ದಿದ್ದರು. ಟೋಪಿ ತೆಗೆದು, ನಾನು ಎರಡು ಸಲ ತಿದ್ದಿದೆ ಎಂದರು, ಒಂದು ಸಲ ಒಳಕ್ಕೆ, ಒಂದು ಸಲ ಹೊರಕ್ಕೆ. ಅವರು ಕೂರುವ ಮೊದಲೇ, ರಬ್ಬರ್ ಕಾರ್ಖಾನೆಯ ಪರವಾಗಿ ಸಭೆಗೆ ಬಂದಿದ್ದ ಮಕಿನೊ ಎದ್ದರು. ಬಾಗಿಲು ವಿಭಾಗದವರು, ನಮಗೆ ಹೇಳಿದ್ದರೆ ಅರ್ಧ ದಿನದ ಕೆಲಸವಾಗಿತ್ತು ಎಂದರು, ಕೋಪದಿಂದಲ್ಲ.

ಸುಗಿಯುರಾ ಎಲ್ಲರಿಗೂ ಬಿಳಿ ಚೀಟಿ ಹಂಚಿಸಿದರು. ಈ ಕಾರಿನ ಕೆಲಸದಲ್ಲಿ ಯಾರಿಗೂ ಹೇಳದೆ ಮಾಡಿದ ಉಪಕಾರಗಳನ್ನು ಬರೆಯಿರಿ, ಹೆಸರು ಬೇಡ ಎಂದರು. ನಲವತ್ತಮೂರು ಚೀಟಿ ಬಂದವು. ಸೀಟಿನವರು ಸದ್ದಿಲ್ಲದೆ ಅರ್ಧ ಕಿಲೋ ತೂಕ ಇಳಿಸಿದ್ದರು; ಬಣ್ಣದವರು ತಗಡಿನ ಗೀರನ್ನು ಒಂದು ಪದರ ಹೆಚ್ಚು ಬಳಿದು ಮುಚ್ಚಿದ್ದರು. ಒಂದು ಚೀಟಿಯ ಅಕ್ಷರ ಗೋಡೆಯ ಮೇಲಿನ ಕುಂಚದ ಅಕ್ಷರವೇ ಆಗಿತ್ತು. ನಿರ್ದೇಶಕರ ಬಯ್ಗುಳವನ್ನು ತಂಡಕ್ಕೆ ತಿಳಿಸದೆ ಮೂರು ತಿಂಗಳಿಂದ ಒಬ್ಬನೇ ನುಂಗುತ್ತಿದ್ದೇನೆ ಎಂದು ಅದರಲ್ಲಿತ್ತು.

ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಹದಿನೇಳು ಕೆಂಪು ಬಿಲ್ಲೆ. ಹಬ್ಬದ ಹಾಗೆ ಕಾಣುತ್ತಿತ್ತು.

ಬರುವಾಗ ಸ್ಟ್ರಾಬೆರಿ ಕ್ರಿಸ್ಮಸ್ ಕೇಕ್ ತಂದೆ. ಇವತ್ತು ಅತ್ತೆಗೆ ಎಲ್ಲವೂ ಒಂದೇ ಸಲಕ್ಕೆ ಕೇಳಿಸಿತು. ಡಾಕ್ಟರು ಕೊಟ್ಟ ಹನಿ ಔಷಧ ಹಿಡಿಸಿರಬೇಕು.

2005, ಜನವರಿ 20, ಗುರುವಾರ

ಎಲ್ಲರಿಗೂ ತಿಳಿಸಿ ತಿದ್ದಿದ ಬಾಗಿಲು. ಎಲ್ಲರೂ ಅಳೆದ ರಬ್ಬರ್. ನೂರಮೂವತ್ತು. ನೂರೈವತ್ತು. ನೂರೆಂಬತ್ತು.

ಏನೂ ಇಲ್ಲ.

ಒಬಾತಾ ಎರಡು ಸುತ್ತು ಮಾತಿಲ್ಲದೆ ಓಡಿಸಿದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನನಗೆ ಕಿವುಡಾಯ್ತಾ, ನೀವು ಗೆದ್ರಾ? ಎರಡರಲ್ಲೊಂದು ಹೇಳಿ."

"ಗೆದ್ದೆ," ಎಂದೆ. ಗೆದ್ದೆವು ಎನ್ನಬೇಕಿತ್ತು. ಈಗ ಬರೆಯುವಾಗ ಹೊಳೆಯಿತು.

ಗಾಳಿ ಸುಮ್ಮನಾದ ಮೇಲೆ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಗೊಣಗಾಟ ಕೇಳುತ್ತಿದೆ. ಆ ವಿಭಾಗಕ್ಕೆ ಫೋನ್ ಮಾಡಿದೆ. ಪರಿಶೀಲಿಸುತ್ತೇವೆ ಎಂದರು. ಪರಿಶೀಲನೆ ಎಂದರೆ ಇಲ್ಲ ಎಂದೇ, ಅಥವಾ ತಾರೀಖು ಇದೆಯೇ ಎಂದು ಕೇಳಿದೆ. ಫೆಬ್ರವರಿ ಮೂರು ಎಂದರು. ಒಳ್ಳೆಯ ಜನ.

ಫೆಬ್ರವರಿ 8, ಮಂಗಳವಾರ

ಜರ್ಮನಿಯಿಂದ ಎರಡು ಸಾಲು. ಸಿಳ್ಳೆ ನಿಂತಿದೆ. ಈಗ ಹಿಂದಿನ ಸೀಟಿನಿಂದ ಹೆಂಡತಿಯ ಟೀಕೆಗಳೆಲ್ಲ ಸ್ಪಷ್ಟವಾಗಿ ಕೇಳುತ್ತವೆ, ಇದು ಸುಧಾರಣೆಯೋ ಅಲ್ಲವೋ ಹೇಳಲಾರೆ. ಒಂದು ಪದ ಬಿಡದೆ ಅನುವಾದಿಸಿ ಮೊಹರು ಒತ್ತಿ ಕೊಟ್ಟೆ. ಸುಗಿಯುರಾ ಹಾಳೆಯನ್ನು ತುಸು ಹೆಚ್ಚೇ ಹೊತ್ತು ನೋಡಿದರು.

"ನಿಮ್ಮ ಮೊಹರು ನೆಟ್ಟಗಿದೆ."

ಅವಸರದಲ್ಲಿ ಒತ್ತಿದೆ, ಕ್ಷಮಿಸಿ ಎಂದೆ. ಅವರು ನಕ್ಕದ್ದು ಯಾಕೋ ತಿಳಿಯಲಿಲ್ಲ.

ಮಾರ್ಚ್ 10, ಗುರುವಾರ

ಬೆಳಿಗ್ಗೆ ಹತ್ತೂಮುಕ್ಕಾಲು. ಒಬಾತಾ ಸ್ಟಿಯರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಸುಗಿಯುರಾ. ಹಿಂದೆ ಎಡಕ್ಕೆ ನಾನು, ಬಲಕ್ಕೆ ನಿರ್ದೇಶಕ ಹಮಾಜಿಮಾ. ಅವರ ಕಿವಿಯ ಪಕ್ಕದಲ್ಲೇ ಆ ಮೂಲೆ.

ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ನೂರೆಂಬತ್ತು. ಹಮಾಜಿಮಾ ಕಿಟಕಿಯಾಚೆ ನೋಡುತ್ತಿದ್ದರು. ಅವರ ತುಟಿ ಅಲುಗಿದ್ದು ನನಗೆ ಗಾಜಿನಲ್ಲಿ ಕಂಡಿತು. ಮಾತಲ್ಲ, ಬರಿಯ ಉಸಿರು.

"ಹಸಿವಾಗ್ತಿದೆ."

ಮುಂದಿನಿಂದ, ಕನ್ನಡಿಯನ್ನೂ ನೋಡದೆ ಒಬಾತಾ ಹೇಳಿದರು: "ಹನ್ನೊಂದೂವರೆಗೆ ಊಟದ ಕೋಣೆ ತೆಗೀತಾರೆ, ಸರ್. ಇವತ್ತು ಮಿಸೊ ಕಟ್ಸು."

ಸುಗಿಯುರಾ ಅವರ ಭುಜಗಳು ಕುಲುಕಿದವು. ಹಮಾಜಿಮಾ ಕಾರು ತುಂಬುವಷ್ಟು ಜೋರಾಗಿ ನಕ್ಕರು. ಆ ನಗು ಎಷ್ಟು ಚೆನ್ನಾಗಿ ಕೇಳಿಸಿತು!

ಇಳಿದ ಮೇಲೆ ಅವರು ಬಾಗಿಲನ್ನು ತೆಗೆದು ಮುಚ್ಚಿ ನೋಡುತ್ತ, ಈ ರಬ್ಬರ್ ಇನ್ನೂ ಅಗ್ಗದ್ದು ಆಗಬಹುದಲ್ಲ ಎಂದು ಆರಂಭಿಸಿದರು. ಆಗುವುದಿಲ್ಲ ಎಂದೆ. ಕಾರಣ ಮೂರು ನಿಮಿಷದಲ್ಲಿ ಹೇಳಿದೆ. ಅವರು ಸುಗಿಯುರಾ ಕಡೆ ತಿರುಗಿದರು. ಸುಗಿಯುರಾ ಆಕಾಶ ನೋಡುತ್ತಿದ್ದರು. ಹಮಾಜಿಮಾ ಜೇಬಿನಿಂದ ಮೊಹರು ತೆಗೆದು, ಕಾರಿನ ಬಿಸಿ ಬಾನೆಟ್ ಮೇಲೆ ಕಾಗದವಿಟ್ಟು ಒತ್ತಿದರು.

ಮಧ್ಯಾಹ್ನ ದೊಡ್ಡ ಕೋಣೆಗೆ ಹೋಗಿ ಬಿಲ್ಲೆ ಬದಲಿಸಿದೆ. ಗೋಡೆ ಪೂರ್ತಿ ಹಸಿರು. ಅಕ್ಟೋಬರಿನ ಹಸಿರೇ, ಬಣ್ಣ ಮಾತ್ರ ಬೇರೆಯಾಗಿ ಕಂಡಿತು.

"ನಿರ್ದೇಶಕರ ಮಾತಿನ ಮಧ್ಯೆ ಬಾಯಿ ಹಾಕಿದ್ರಂತೆ?" ಎಂದು ನರುಸೆ ಕೇಳಿದರು. ಹಾಕಿದೆನೇ? ನನಗೆ ಹಾಗೆ ನೆನಪಿಲ್ಲ.

ಮಾರ್ಚ್ 31, ಗುರುವಾರ

ನರುಸೆ ಹೊರಟರು. ಹೂಗುಚ್ಛ ಹಿಡಿದು ಸಾಲಿನುದ್ದಕ್ಕೂ ತಲೆಬಾಗುತ್ತ ಬಂದವರು ನಮ್ಮ ಕಾರಿನ ಬಳಿ ನಿಂತರು. ಬರಿಗೈಯಲ್ಲಿ ಬಲಬಾಗಿಲ ಮೇಲ್ಮೂಲೆ ಸವರಿದರು. ತಮ್ಮ ಬಿಳಿ ಕೈಗವಸನ್ನು ನನ್ನ ಕೈಯಲ್ಲಿಟ್ಟರು. ಬೆರಳ ತುದಿಗಳು ಸವೆದಿವೆ.

ಸೆಪ್ಟೆಂಬರ್ 5, ಸೋಮವಾರ

ಸಾಲಿನ ಕೊನೆಯಿಂದ ಮೊದಲ ಕಾರು ತನ್ನ ಚಕ್ರದ ಮೇಲೆ ತಾನೇ ಉರುಳಿ ಬಂತು. ಬೆಳ್ಳಿ ಬಣ್ಣ. ಓಡಿಸಿಕೊಂಡು ಬಂದವರು ಒಬಾತಾ, ಕಿಟಕಿ ಇಳಿಸಿ ಬಾಯಲ್ಲಿ ಸಿಳ್ಳೆ ಹೊಡೆಯುತ್ತ. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಸುಗಿಯುರಾ ದೊಡ್ಡ ಕೋಣೆಯ ದಾರುಮಾ ಬೊಂಬೆಯನ್ನು ತರಿಸಿದ್ದರು. ಹರಕೆ ಹೊರುವಾಗ ಒಂದು ಕಣ್ಣು, ಅದು ಈಡೇರಿದಾಗ ಇನ್ನೊಂದು ಬರೆಯುವ ಪದ್ಧತಿ; ಕೆಲಸ ಶುರುವಾದಾಗಿನಿಂದ ಒಂದೇ ಕಣ್ಣಿನಲ್ಲಿ ನಮ್ಮನ್ನು ನೋಡುತ್ತಿದ್ದ ಬೊಂಬೆ. ಇನ್ನೊಂದು ಕಣ್ಣು ಬರೆಯಲು ಕುಂಚವನ್ನು ನರುಸೆ ಕೈಗೆ ಕೊಟ್ಟರು, ಇದಕ್ಕೆಂದೇ ಅವರನ್ನು ಕರೆಸಿದ್ದರು. ನರುಸೆ ಕುಂಚವನ್ನು ಮಕಿನೊಗೆ ಕೊಟ್ಟರು. ಮಕಿನೊ ನನಗೆ ಚಾಚಿದರು. ಇನ್ನೊಂದು ಸುತ್ತು ಉಪಕಾರ ಬೇಡ ಎಂದು ನಾನೇ ಬರೆದುಬಿಟ್ಟೆ. ಸ್ವಲ್ಪ ದೊಡ್ಡ ಕಣ್ಣಾಯಿತು.

ಮನೆಗೆ ಬಂದು ಬಾಗಿಲಲ್ಲೇ ಚಪ್ಪಲಿ ಬಿಡುತ್ತ, ಅಮ್ಮ, ಕಾರು ಹೊರಟಿತು ಎಂದೆ. ಅತ್ತೆ ಒಳಗೆ ಅಡುಗೆಮನೆಯಲ್ಲಿ ಬದನೆಕಾಯಿ ಸುಡುತ್ತಿದ್ದರು. ಹೊರಬಂದು ಕಿವಿಗೆ ಬೆರಳಿಟ್ಟುಕೊಂಡರು.

"ಯಾಕೆ ಹಾಗೆ ಕಿರುಚ್ತೀಯೇ? ನಾನೇನು ಕಿವುಡಿಯಾ? ಪಕ್ಕದ ಮನೆಯವರಿಗೂ ಗೊತ್ತಾಯ್ತು, ನಿನ್ನ ಕಾರು ಹೊರಟಿತು ಅಂತ."

ಈ ಒಂದು ವರ್ಷದಲ್ಲಿ ಅತ್ತೆಯ ಕಿವಿ ನಿಜಕ್ಕೂ ಸುಧಾರಿಸಿದೆ. ಡಾಕ್ಟರು ಮಾತ್ರ, ಮೊದಲು ಹೇಗಿತ್ತೋ ಹಾಗೇ ಇದೆ, ಔಷಧವೂ ಅದೇ ಎನ್ನುತ್ತಾರೆ. ಅವರು ಸರಿಯಾಗಿ ಪರೀಕ್ಷಿಸುತ್ತಿಲ್ಲ ಅನ್ನಿಸುತ್ತದೆ. ಗುರುವಾರ ಹೋದಾಗ ನೇರವಾಗಿ ಕೇಳುತ್ತೇನೆ.